ಲೇಖನ ವಾಪಸ್ ಕಳಿಸುತ್ತಿದ್ದೇನೆ, ಮತ್ತೆ ಬರೆಯಿರಿ

ನಮಸ್ಕಾರ.

ರಾಸಾಯನಿಕ ಕಾರ್ಖಾನೆಗಳ ಸುರಕ್ಷತೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಕಾಳಜಿಯೂ ನಿಜವಾದದ್ದೇ. ಆದರೆ 'ಸರ್ಕಾರ ಕಠಿಣ ಕಾನೂನು ತರಬೇಕು' ಅನ್ನುವ ಮಾತು ಪುಟಕ್ಕೊಂದು ಸಲ ಬರುತ್ತದೆ. ಈಗ ಯಾವ ಕಾನೂನು ಇದೆ ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ.

ಕಾನೂನಿಗೇನೂ ಬರವಿಲ್ಲ. 1984ರ ಭೋಪಾಲ್ ಅನಿಲ ದುರಂತ ಆದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಆಗಿನ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಕೆಲಸಗಳ ಬಗ್ಗೆ ಒಂದು ಅಧ್ಯಾಯವನ್ನೇ ಸೇರಿಸಿದರು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ನಿಮಗೆ ಬೇಕಾದದ್ದು ಇದರಲ್ಲೇ ಇದೆ. ದೊಡ್ಡ ಅಪಘಾತ ಆಗಬಹುದಾದ ಕಡೆ ಅಪಾಯ ಏನು, ಆಗ ಏನು ಮಾಡಬೇಕು ಅಂತ ಅಕ್ಕಪಕ್ಕದ ಜನಕ್ಕೆ ಕಾರ್ಖಾನೆಯವರು ತಿಳಿಸಬೇಕು. ಗೇಟಿನ ಹೊರಗಿನ ತುರ್ತು ಯೋಜನೆಗೆ ವರ್ಷಕ್ಕೊಮ್ಮೆಯಾದರೂ ಮಾಕ್ ಡ್ರಿಲ್ ನಡೆಯಬೇಕು.

ಈಗ ನಿಮ್ಮ ನಾಲ್ಕನೇ ಪುಟಕ್ಕೆ ಬನ್ನಿ. ಟೀ ಅಂಗಡಿಯ ಹೆಂಗಸು 'ವಾಸನೆ ಬಂದ್ರೆ ಬಾಗಿಲು ಹಾಕ್ಕೊಳ್ತೀವಿ, ಇನ್ನೇನ್ ಮಾಡೋಣ' ಅನ್ನುತ್ತಾರೆ. ಮುಂದಿನ ಸಾಲಿಗೇ ನೀವು ಸರ್ಕಾರಕ್ಕೆ ಉಪದೇಶ ಶುರು ಮಾಡಿದ್ದೀರಿ. ಅಯ್ಯೋ, ಲೇಖನ ಇರುವುದೇ ಅಲ್ಲಿ ಅಲ್ವಾ? ವಾಪಸ್ ಹೋಗಿ ಅವರನ್ನೇ ಕೇಳಿ. ಯಾರಾದರೂ ಬಂದು ಹೇಳಿದ್ದಾರಾ? ಸೈರನ್ ಆದರೆ ಯಾವ ಕಡೆ ಹೋಗಬೇಕು ಅಂತ ಗೊತ್ತಾ? ಮಾಕ್ ಡ್ರಿಲ್ ಒಂದಾದರೂ ನೋಡಿದ್ದಾರಾ? ಆಮೇಲೆ ಕಾರ್ಖಾನೆಯವರನ್ನೂ ಜಿಲ್ಲಾಡಳಿತವನ್ನೂ ಇದನ್ನೇ ಕೇಳಿ. ಜಿಲ್ಲಾಡಳಿತ ಬಾಯಿ ಬಿಡದಿದ್ದರೆ ಆರ್‌ಟಿಐ ಹಾಕಿ.

ಭೋಪಾಲ್ ಭಾಗದಲ್ಲಿ 'ಕರಾಳ ರಾತ್ರಿ', 'ಸಾವಿನ ನರ್ತನ' ಎಲ್ಲ ತೆಗೆಯಿರಿ. ಅನಿಲ ಹೇಗೆ ಹೊರಬಂತು ಅಂತ ಬರೆಯಿರಿ. ಮಿಥೈಲ್ ಐಸೋಸಯನೇಟ್ ಅನ್ನುವ ವಿಷ ರಾಸಾಯನಿಕ ಇದ್ದ ಟ್ಯಾಂಕಿಗೆ ನೀರು ಸೇರಿ ಒಳಗೇ ಬಿಸಿಯಾಯಿತು. ಅದನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಅನಿಲವನ್ನು ಸುಡಬೇಕಿದ್ದ ಫ್ಲೇರ್ ಟವರಿನ ಪೈಪು ರಿಪೇರಿಗೆ ಅಂತ ಬಿಚ್ಚಿಟ್ಟಿತ್ತು. 2020ರ ವಿಶಾಖಪಟ್ಟಣದ ಅನಿಲ ಸೋರಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಲಾಕ್‌ಡೌನ್‌ನಲ್ಲಿ ಕಾರ್ಖಾನೆ ನಿಂತಿದ್ದಾಗ ಅಲ್ಲೂ ಸ್ಟೈರೀನ್ ಅನ್ನುವ ರಾಸಾಯನಿಕದ ಟ್ಯಾಂಕ್ ಒಳಗೇ ಬಿಸಿಯಾಯಿತು. ಎರಡನ್ನೂ ಪಕ್ಕಪಕ್ಕ ಇಡಿ. 'ಮಾಲೀಕರ ದುರಾಸೆ' ಅಂತ ನೀವು ಬೇರೆ ಹೇಳಬೇಕಾಗಿಲ್ಲ.

ಕೊನೆಯ ಬೇಡಿಕೆಗಳ ಪಟ್ಟಿ ಪೂರ್ತಿ ಬೇಡ. ಕಾರ್ಖಾನೆಯ ಹೆಸರು ಹಾಕುವುದಾದರೆ ಅವರ ಮಾತೂ ಇರಲೇಬೇಕು, ಇಲ್ಲದಿದ್ದರೆ ನಾನು ಪ್ರಕಟಿಸುವುದಿಲ್ಲ. 1200 ಪದ ಸಾಕು. ಮುಂದಿನ ತಿಂಗಳೊಳಗೆ ಕಳಿಸಿ.