ಚಾ ಬುಮ್-ಕುನ್ ಲೇಖನ: ಬರೆದವರಿಗೆ ನಾಲ್ಕು ಮಾತು

ನಮಸ್ಕಾರ.

ದಕ್ಷಿಣ ಕೊರಿಯಾದ ಫುಟ್‌ಬಾಲ್ ಆಟಗಾರ ಚಾ ಬುಮ್-ಕುನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ತಿರಸ್ಕರಿಸಲೂ ಮನಸ್ಸಿಲ್ಲ. ಒಳ್ಳೆಯ ಕಥೆ ನಿಮ್ಮ ಕೈಯಲ್ಲೇ ಇದೆ, ನಿಮಗೇ ಅದು ಕಂಡಿಲ್ಲ.

ಮೂರನೇ ಪುಟದಲ್ಲಿ 1980ರ ಗಾಯದ ಪ್ರಸಂಗ ಬರುತ್ತದೆ. ಚಾ ಆಗ ಜರ್ಮನಿಯ ಫ್ರಾಂಕ್‌ಫರ್ಟ್ ತಂಡದಲ್ಲಿದ್ದರು. ಎದುರಾಳಿ ಜರ್ಮನ್ ತಂಡ ಲೆವರ್ಕುಸೆನ್‌ನ ಯೂರ್ಗೆನ್ ಗೆಲ್ಸ್‌ಡೋರ್ಫ್ ಹಿಂದಿನಿಂದ ಬಂದು ಕೆಡವಿದ್ದರಿಂದ ಬೆನ್ನುಮೂಳೆಗೇ ಪೆಟ್ಟಾಯಿತು. ಫ್ರಾಂಕ್‌ಫರ್ಟ್ ಅಭಿಮಾನಿಗಳು ರೊಚ್ಚಿಗೆದ್ದು ಗೆಲ್ಸ್‌ಡೋರ್ಫ್‌ಗೆ ಬೆದರಿಕೆ ಹಾಕಿದರು, ಚಾ ಕ್ಷಮಿಸಿದರು. ಇಲ್ಲಿ ನೀವು ಕ್ಷಮಾಗುಣದ ಮೇಲೆ ಒಂದಿಡೀ ಪ್ಯಾರಾ ಉಪದೇಶ ಮಾಡಿದ್ದೀರಿ. ಐದನೇ ಪುಟದಲ್ಲಿ ‘1983ರಲ್ಲಿ ಲೆವರ್ಕುಸೆನ್ ಸೇರಿದರು’ ಎಂಬ ಒಂದೇ ಸಾಲು. ಸ್ವಾಮಿ, ಗೆಲ್ಸ್‌ಡೋರ್ಫ್ 1986ರವರೆಗೂ ಅಲ್ಲೇ ಆಡುತ್ತಿದ್ದರು! ತನ್ನನ್ನು ಆಸ್ಪತ್ರೆಗೆ ಕಳಿಸಿದವರ ಜೊತೆ ಅದೇ ಜೆರ್ಸಿ ತೊಟ್ಟು ಮೂರು ಸೀಸನ್ ಕಳೆದಿದ್ದಾರೆ ಚಾ. ಆ ಎರಡು ಪುಟಗಳನ್ನು ಪಕ್ಕಪಕ್ಕ ತನ್ನಿ. ಉಪದೇಶ ತಾನಾಗಿ ಉದುರಿಹೋಗುತ್ತದೆ.

‘ಏಷ್ಯಾದ ಬಾನಂಗಳದ ಧ್ರುವತಾರೆ’ ಎಂಬ ಆರಂಭ ಬೇಡವೇ ಬೇಡ. 1978ರ ಡಿಸೆಂಬರ್‌ನಿಂದ ಶುರುಮಾಡಿ. ಜರ್ಮನಿಯ ಡಾರ್ಮ್‌ಸ್ಟಾಟ್ ತಂಡಕ್ಕೆ ಒಂದೇ ಒಂದು ಪಂದ್ಯ ಆಡಿ ಚಾ ಕೊರಿಯಾಗೆ ವಾಪಸಾಗಬೇಕಾಯಿತು, ವಾಯುಪಡೆಯ ಕಡ್ಡಾಯ ಸೇವೆ ಬಾಕಿ ಉಳಿದಿತ್ತು. ಅದನ್ನು ಮುಗಿಸಿ 1979ರಲ್ಲಿ ಫ್ರಾಂಕ್‌ಫರ್ಟ್ ಸೇರಿದರು, ಮೊದಲ ಸೀಸನ್‌ನಲ್ಲೇ ತಂಡ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಗೆದ್ದಿತು. ಮರಳುವ ವಿಮಾನದಲ್ಲಿ ಅವರು ಕಣ್ಣೊರೆಸಿಕೊಂಡರು ಎಂದು ಬರೆದಿದ್ದೀರಲ್ಲ, ಪಕ್ಕದ ಸೀಟಿನಲ್ಲಿ ನೀವಿದ್ದಿರಾ?

ತವರಿನ ದಿನಗಳು ಸಪ್ಪೆಯಾಗಿವೆ. 1976ರಲ್ಲಿ ಮಲೇಷ್ಯಾ ಎದುರು ಕೊರಿಯಾ 1-4ರಿಂದ ಹಿಂದಿದ್ದಾಗ, ಕೊನೆಯ ಕೆಲವೇ ನಿಮಿಷಗಳಲ್ಲಿ ಚಾ ಮೂರು ಗೋಲು ಹೊಡೆದು ಪಂದ್ಯವನ್ನು 4-4 ಮಾಡಿದ್ದನ್ನು ಹೇಗೆ ಬಿಟ್ಟಿರಿ? ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲಿಗಾದ 308 ಪಂದ್ಯ, 98 ಗೋಲಿನ ಲೆಕ್ಕ ಸರಿಯಿದೆ. ಆದರೆ ಅದರಲ್ಲಿ ಒಂದೂ ಪೆನಾಲ್ಟಿ (ಗೋಲ್‌ಕೀಪರ್ ಒಬ್ಬರೇ ಎದುರಿರುವಾಗ ಒದೆಯುವ) ಗೋಲಲ್ಲ ಎಂದು ಸೇರಿಸದಿದ್ದರೆ ಸಂಖ್ಯೆಯ ತೂಕ ಓದುಗರಿಗೆ ಗೊತ್ತಾಗುವುದಿಲ್ಲ.

1988ರ ಯುಇಎಫ್‌ಎ ಕಪ್ ಫೈನಲ್‌ಗೆ ನೀವು ಕೊಟ್ಟಿದ್ದು ‘ಇತಿಹಾಸ ನಿರ್ಮಿಸಿದರು’ ಎಂಬ ಎರಡೇ ಪದ. ಫೈನಲ್ ಎಂದರೆ ಎರಡು ಪಂದ್ಯ (ಲೆಗ್), ಎರಡರ ಗೋಲೂ ಕೂಡಿಸಿ ಲೆಕ್ಕ. ಮೊದಲ ಲೆಗ್‌ನಲ್ಲಿ ಸ್ಪೇನ್‌ನ ಎಸ್ಪಾನ್ಯೋಲ್ ಎದುರು ಲೆವರ್ಕುಸೆನ್ 0-3ರಿಂದ ಸೋತಿತ್ತು. ತವರಿನ ಎರಡನೇ ಲೆಗ್‌ನಲ್ಲಿ ವಿರಾಮದ ನಂತರ ಚಾ ಅವರ ಜೊತೆಗಾರರಾದ ಟೀಟಾ ಒಂದು ಗೋಲು, ಗೋಟ್ಸ್ ಒಂದು. ಸಮ ಮಾಡಲು ಇನ್ನೊಂದು ಬೇಕಿತ್ತು. 81ನೇ ನಿಮಿಷದಲ್ಲಿ ಚಾ ತಲೆಯಿಂದ ಗುದ್ದಿದ ಚೆಂಡು ಬಲೆ ಸೇರಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಕೂಡ ಸಿಕ್ಕಿತು. ಅವರಿಗೆ 35 ತುಂಬಲು ಕೆಲವೇ ದಿನ ಬಾಕಿ. ನಿಧಾನವಾಗಿ, ನಿಮಿಷ ನಿಮಿಷವಾಗಿ ಬರೆಯಬೇಕಾದ ಜಾಗ ಇದು.

1998ರ ವಿಶ್ವಕಪ್ ಬಗ್ಗೆ ಮೌನವಾಗಿದ್ದೀರಿ. ನೆದರ್ಲೆಂಡ್ಸ್ ಎದುರು ಕೊರಿಯಾ 0-5ರಿಂದ ಸೋತ ಮೇಲೆ ಕೋಚ್ ಆಗಿದ್ದ ಚಾ ಅವರನ್ನು ಟೂರ್ನಿಯ ನಡುವೆಯೇ ವಜಾ ಮಾಡಲಾಯಿತು. ಅಭಿಮಾನ ಇರಲಿ, ಮುಚ್ಚಿಡುವುದು ಬೇಡ. ಮಗ ಚಾ ದು-ರಿ ಕುರಿತ ಪುಟ ಪೂರ್ತಿ ತೆಗೆಯಿರಿ, ಅದು ಬೇರೆಯೇ ಲೇಖನವಾಗುತ್ತದೆ.

800 ಪದ ಮೀರದಂತೆ ತಿದ್ದಿ ಕಳಿಸಿ. ತಲೆಬರಹ ನಾವು ಕೊಡುತ್ತೇವೆ.

— ಸಂಪಾದಕ