ಬ್ಯಾಟರಿ ಕರೆಂಟಿಗೆ ಪ್ಲಾಸ್ಟಿಕ್ ಕರಗುತ್ತಾ?

ಉಪ್ಪುನೀರಿಗೆ ಬಾಟಲಿ ಚೂರು ಹಾಕಿ, ಪೆನ್ಸಿಲ್ ಕಡ್ಡಿ ಇಳಿಬಿಟ್ಟು ಬ್ಯಾಟರಿ ಜೋಡಿಸಿದಾಗ ನೀರು ಕಪ್ಪಾಯಿತು, ಪ್ಲಾಸ್ಟಿಕ್ ಕರಗಿತಾ ಅಂತ ಕೇಳಿದ್ದೀರಿ.

ಇಲ್ಲ ರೀ. ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಹೋದ ವರ್ಷ ನಮ್ಮ ಇಬ್ಬರು ಹುಡುಗಿಯರು ಇದನ್ನೇ ಮಾಡಿದ್ದರು. 9 ವೋಲ್ಟ್ ಬ್ಯಾಟರಿ, ಎರಡು ಪೆನ್ಸಿಲ್ ಕಡ್ಡಿ. ಬಾಟಲಿಯ ಚೂರು ತಳ ಸೇರಿತು, ಮುಚ್ಚಳದ ಚೂರು ತೇಲಿತು. ಎರಡು ತಾಸಿಗೆ ನೀರಿನ ತುಂಬ ಕಪ್ಪು ಪುಡಿ. "ಸರ್, ಕರಗ್ತಾ ಇದೆ!" ಅಂತ ಓಡಿ ಬಂದರು. ಚೂರುಗಳನ್ನು ತೊಳೆದು, ಒಣಗಿಸಿ, ತೂಕ ಮಾಡಿಸಿದೆ. ಮೊದಲು ಎಷ್ಟಿತ್ತೋ ಅಷ್ಟೇ. ಸವೆದದ್ದು ಪ್ಲಸ್ ಕಡೆಯ ಪೆನ್ಸಿಲ್ ಕಡ್ಡಿ. ಆ ಪುಡಿ ಅದರದ್ದೇ ಗ್ರಾಫೈಟ್. ಮೂಗಿಗೆ ಬಡಿಯುವ ವಾಸನೆ ಉಪ್ಪಿನಿಂದ ಬಂದ ಕ್ಲೋರಿನ್. ಅದು ವಿಷ, ಮನೆಯೊಳಗೆ ದಯವಿಟ್ಟು ಮಾಡಬೇಡಿ.

ಎಲೆಕ್ಟ್ರಾನ್ ಕೊಡುವುದು, ತೆಗೆದುಕೊಳ್ಳುವುದು ಎಲ್ಲ ನಡೆಯುವುದು ಕಡ್ಡಿಯ ಮೈಮೇಲೆ. ಕಡ್ಡಿಗೆ ತಾಗಿದ್ದಷ್ಟೇ ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳಬಲ್ಲದು. ಉಪ್ಪು ಕರಗಿ ಕಡ್ಡಿಯ ತನಕ ಬರುತ್ತದೆ, ಗಟ್ಟಿ ಪ್ಲಾಸ್ಟಿಕ್ ಬರುವುದಿಲ್ಲ. ಬಂದು ತಾಗಿದರೂ ಒಂದೆರಡು ಚುಕ್ಕೆಯಷ್ಟೇ ತಾಗುತ್ತದೆ. ಮೇಲಾಗಿ ಅದರೊಳಗೆ ಕರೆಂಟ್ ಹರಿಯುವುದೇ ಇಲ್ಲ. ತಂತಿಗೆ ಪ್ಲಾಸ್ಟಿಕ್ ಸುತ್ತುವುದು ಅದಕ್ಕೇ ಅಲ್ವಾ?

ಹಾಗಂತ ದಾರಿ ಇಲ್ಲ ಅಂತಲ್ಲ. ನಮ್ಮ ಕಡೆ ತೊಗರಿಯನ್ನು ಒಡೆದು ಬೇಳೆ ಮಾಡಿ ಆಮೇಲೆ ಬೇಯಿಸುತ್ತೇವಲ್ಲ, ಹಾಗೆ. ನೀರಿನ ಬಾಟಲಿ ಪಿಇಟಿ ಎಂಬ ಪ್ಲಾಸ್ಟಿಕ್. ಅದರ ಉದ್ದನೆಯ ಅಣು ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿವೆ. ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಆ ಕೊಂಡಿ ಬಿಚ್ಚಿ ಎಥಿಲೀನ್ ಗ್ಲೈಕಾಲ್, ಟೆರೆಫ್ತಾಲೇಟ್ ಎರಡೂ ನೀರಿಗೆ ಇಳಿಯುತ್ತವೆ. ಈಗ ಕಡ್ಡಿಗೆ ಕೆಲಸ ಸಿಕ್ಕಿತು. ನಿಕಲ್ ಆನೋಡಿನ, ಅಂದರೆ ಪ್ಲಸ್ ಕಡೆಯ ಕಡ್ಡಿಯ ಮೇಲೆ ಗ್ಲೈಕಾಲ್ ಫಾರ್ಮೇಟ್ (ಫಾರ್ಮಿಕ್ ಆಮ್ಲದ ಲವಣ) ಆಗುತ್ತದೆ, ಆಚೆ ಕಡ್ಡಿಯಲ್ಲಿ ಹೈಡ್ರೋಜನ್ ಬರುತ್ತದೆ. ನೀರನ್ನೇ ಒಡೆದು ಹೈಡ್ರೋಜನ್ ತೆಗೆಯುವುದಕ್ಕಿಂತ ಇದಕ್ಕೆ ಕಡಿಮೆ ವೋಲ್ಟೇಜ್ ಸಾಕು. ಉಳಿದ ದ್ರಾವಣಕ್ಕೆ ಆಮ್ಲ ಹಾಕಿದರೆ ಟೆರೆಫ್ತಾಲಿಕ್ ಆಮ್ಲ ಬಿಳಿ ಪುಡಿಯಾಗಿ ಕೂರುತ್ತದೆ. ಅದರಿಂದ ಮತ್ತೆ ಬಾಟಲಿ ಮಾಡಬಹುದು. ನನಗೆ ಇದು ನಿಜಕ್ಕೂ ಭಾಳ ಚಂದ ಅನಿಸುತ್ತದೆ.

ಇನ್ನೊಂದು ದಾರಿ, ಕಡ್ಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಎಲೆಕ್ಟ್ರಾನ್ ಹೊತ್ತು ಓಡಾಡುವ ಒಬ್ಬ ಓಡಾಳು. 2022ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಆನ್ ಮ್ಯಾಕ್‌ನೀಲ್ ಅವರ ತಂಡ ಪಿವಿಸಿ ಮೇಲೆ ಇದನ್ನು ತೋರಿಸಿತು. ಪಿವಿಸಿ ಮೆತ್ತಗಾಗಲಿ ಅಂತ ಬೆರೆಸುವ ಎಣ್ಣೆಯಂಥ ಪ್ಲಾಸ್ಟಿಸೈಜರ್ ಇದೆಯಲ್ಲ, ಅದೇ ಕಡ್ಡಿಯಿಂದ ಎಲೆಕ್ಟ್ರಾನ್ ಹೊತ್ತು ಹೋಗಿ ಪಿವಿಸಿಗೆ ಕೊಡುತ್ತದೆ. ಪಿವಿಸಿ ಕ್ಲೋರೈಡ್ ಬಿಟ್ಟುಕೊಡುತ್ತದೆ. ಆ ಕ್ಲೋರಿನ್ ಇನ್ನೊಂದು ರಾಸಾಯನಿಕ ಮಾಡಲು ಬಳಕೆಯಾಯಿತು.

ಕ್ಯಾರಿಬ್ಯಾಗ್, ಗೊಬ್ಬರದ ಚೀಲದ ಕಥೆ ಕಷ್ಟ. ಅವುಗಳ ಸರಪಳಿ ಪೂರ್ತಿ ಕಾರ್ಬನ್–ಕಾರ್ಬನ್ ಕೊಂಡಿ, ಕಾಸ್ಟಿಕ್ ಸೋಡಾಕ್ಕೆ ಜಗ್ಗುವುದಿಲ್ಲ.

ಕಾಸ್ಟಿಕ್ ಸೋಡಾ ಚರ್ಮ, ಕಣ್ಣು ಸುಡುತ್ತದೆ. ಮಾಡುವುದಿದ್ದರೆ ಕಾಲೇಜಿನ ಲ್ಯಾಬಿನಲ್ಲೇ, ಮೇಷ್ಟ್ರು ಇದ್ದಾಗ ಮಾಡಿ. ನಿಮ್ಮ ಚೂರುಗಳ ಮೊದಲಿನ ತೂಕ ಬರೆದಿಟ್ಟಿಲ್ಲ ಅಂದರೆ ಸುಮ್ನೆ ಎರಡೂ ಕಡ್ಡಿ ಪಕ್ಕಪಕ್ಕ ಹಿಡಿದು ನೋಡಿ. ಪ್ಲಸ್ ಕಡೆಯದು ಸಣ್ಣಗಾಗಿರುತ್ತದೆ.