ಮಾರಿದ ಮೇಲೂ ‘ಮಾಜಾ’ ಯಾರದು?

ಪ್ರಶ್ನೆ: ಥಮ್ಸ್ ಅಪ್, ಲಿಮ್ಕಾ, ಮಾಜಾ ಎಲ್ಲವನ್ನೂ ಪಾರ್ಲೆಯವರು ಕೋಕಾ-ಕೋಲಾಗೆ ಮಾರಿಬಿಟ್ಟಿದ್ದರು, ಅಲ್ವಾ? ಆಮೇಲೆ ಮಾಜಾ ಹೆಸರಿಗಾಗಿ ಬಿಸ್ಲೇರಿ ಮತ್ತು ಕೋಕಾ-ಕೋಲಾ ಕೋರ್ಟಿಗೆ ಹೋಗಿದ್ದು ಹೇಗೆ? ಮಾರಿದ ಮೇಲೆ ಜಗಳ ಎಲ್ಲಿಂದ ಬಂತು?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಜಗಳ ಬಂದದ್ದು ಟರ್ಕಿಯಿಂದ!

1977ರಲ್ಲಿ ಭಾರತ ಬಿಟ್ಟುಹೋಗಿದ್ದ ಕೋಕಾ-ಕೋಲಾ 1993ರಲ್ಲಿ ವಾಪಸ್ ಬಂತು. ಅದೇ ವರ್ಷ ರಮೇಶ್ ಚೌಹಾಣ್ ಅವರ ಪಾರ್ಲೆ ಗುಂಪಿನಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ, ಮಾಜಾ ಹೆಸರುಗಳನ್ನು ಕೊಂಡುಕೊಂಡಿತು. (ಗೋಲ್ಡ್ ಸ್ಪಾಟ್ ಆಮೇಲೆ ಅಂಗಡಿಗಳಿಂದಲೇ ಮಾಯವಾಯಿತು. ನಮ್ಮ ವಯಸ್ಸಿನವರಿಗೆ ಆ ಸಿಟ್ಟು ಇನ್ನೂ ಇದೆ.) ಬಿಸ್ಲೇರಿ ನೀರು ಮಾತ್ರ ಚೌಹಾಣರ ಹತ್ತಿರವೇ ಉಳಿಯಿತು.

ಮಾಜಾ ಬರೆದುಕೊಟ್ಟದ್ದು ಭಾರತದ ಮಟ್ಟಿಗೆ. ಹೊರದೇಶಗಳು ಆ ಮಾರಾಟದಲ್ಲಿ ಸೇರಿರಲಿಲ್ಲ. ಹದಿನೈದು ವರ್ಷ ಇದು ಯಾರಿಗೂ ತೊಂದರೆ ಕೊಡಲಿಲ್ಲ. 2008ರಲ್ಲಿ ಕೋಕಾ-ಕೋಲಾ ಟರ್ಕಿಯಲ್ಲಿ ಮಾಜಾ ಹೆಸರು ನೋಂದಾಯಿಸಲು ಅರ್ಜಿ ಹಾಕಿದ್ದು ಬಿಸ್ಲೇರಿಗೆ ಗೊತ್ತಾಯಿತು. ಬಿಸ್ಲೇರಿ ಸುಮ್ಮನಿರಲಿಲ್ಲ. ಒಪ್ಪಂದವೇ ಮುಗಿಯಿತು, ಭಾರತದಲ್ಲೂ ನೀವು ಮಾಜಾ ಮಾಡುವಂತಿಲ್ಲ ಎಂದು ನೋಟಿಸ್ ಕಳಿಸಿತು. ಕೋಕಾ-ಕೋಲಾ ದೆಹಲಿ ಹೈಕೋರ್ಟಿಗೆ ಹೋಯಿತು.

ಬಿಸ್ಲೇರಿ ಕಡೆಯವರ ವಾದ ಸರಳ. ಭಾರತದ ಅಂಗಡಿಯಲ್ಲಿ ನಾವು ಒಂದು ಬಾಟಲಿಯನ್ನೂ ಮಾರುತ್ತಿಲ್ಲ, ಹೊರದೇಶದ ಮಾತಿಗೆ ಇಲ್ಲಿನ ಕೋರ್ಟ್ ಯಾಕೆ? ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 56ನೇ ಕಲಮು ಬೇರೆ ಹೇಳುತ್ತದೆ. ರಫ್ತು ಮಾಡುವ ಸರಕಿಗೆ ಇಲ್ಲಿ ಹೆಸರು ಅಂಟಿಸಿದರೂ ಅದು ಇಲ್ಲಿ ಬಳಸಿದ ಹಾಗೆಯೇ. 2009ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಇದನ್ನೇ ಹಿಡಿಯಿತು. ಭಾರತದಲ್ಲಿ ಮಾರುವುದಕ್ಕಾಗಲಿ, ಇಲ್ಲಿ ತಯಾರಿಸಿ ರಫ್ತು ಮಾಡುವುದಕ್ಕಾಗಲಿ ಬಿಸ್ಲೇರಿ ಮಾಜಾ ಹೆಸರು ಬಳಸದಂತೆ ಮಧ್ಯಂತರ ತಡೆ ಕೊಟ್ಟಿತು.

ಈ ಆದೇಶವನ್ನು ಅನೇಕರು ‘ಇಡೀ ಪ್ರಪಂಚದ ಮಾಜಾ ಕೋಕಾ-ಕೋಲಾದ್ದು’ ಎಂದು ಓದುತ್ತಾರೆ. ಅದು ತಪ್ಪು. ಟ್ರೇಡ್‌ಮಾರ್ಕ್ ಅಂದರೆ ಪಹಣಿ ಇದ್ದ ಹಾಗೆ. ಒಂದು ಸರ್ವೆ ನಂಬರಿನ ಪಹಣಿ ತೋರಿಸಿ ಪಕ್ಕದ ಜಮೀನು ಉಳಲು ಆಗುವುದಿಲ್ಲ. ಇಲ್ಲಿ ಒಂದೊಂದು ದೇಶವೂ ಒಂದೊಂದು ಸರ್ವೆ ನಂಬರು. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಕಡೆಯವರು 1993ರಲ್ಲೇ ಹೊರದೇಶಗಳ ಬಗ್ಗೆ ಬಿಡಿಸಿ ನಾಲ್ಕು ಸಾಲು ಬರೆದುಕೊಂಡಿದ್ದರೆ ಇಷ್ಟು ರಾದ್ಧಾಂತ ಇರುತ್ತಿರಲಿಲ್ಲ.

ಪ್ರಶ್ನೆ: ಇಲ್ಲಿನ ಪಬ್‌ಗಳಲ್ಲಿ ಎರಡು ಬೇರೆ ಬೇರೆ ‘ಬಡ್‌ವೈಸರ್’ ಸಿಗುತ್ತವೆ. ಒಂದು ನಕಲಿಯೇ?
– ಲಂಡನ್ ಕನ್ನಡಿಗ

ಉತ್ತರ: ಎರಡೂ ಅಸಲಿ. ಜೆಕ್ ದೇಶದ ಚೆಸ್ಕೆ ಬುಡೆಯೊವಿತ್ಸೆ ಊರಿಗೆ ಜರ್ಮನ್ ಭಾಷೆಯಲ್ಲಿ ಬುಡ್‌ವೈಸ್ ಎಂದು ಹೆಸರು. ‘ಬಡ್‌ವೈಸರ್’ ಅಂದರೆ ಆ ಊರಿನದು, ನಾವು ಮೈಸೂರಿನದು ಅಂದ ಹಾಗೆ. ಅಮೆರಿಕದ ಆನ್‌ಹೈಸರ್-ಬುಶ್ 1876ರಿಂದ ಈ ಹೆಸರಲ್ಲಿ ಬಿಯರ್ ಮಾರುತ್ತಿದೆ. ಜೆಕ್ ಸರ್ಕಾರದ ಒಡೆತನದಲ್ಲಿರುವ ಬುಡ್‌ವಾರ್ ಶುರುವಾದದ್ದು 1895ರಲ್ಲಿ, ಆದರೆ ಆ ಊರೇ ಅದರದು. ನೂರು ವರ್ಷಕ್ಕೂ ಹೆಚ್ಚು ಜಗಳ. ಅಮೆರಿಕದಲ್ಲಿ ಜೆಕ್ ಬಿಯರ್ ‘ಜೆಕ್‌ವಾರ್’ ಆಗಬೇಕಾಯಿತು. ಯೂರೋಪಿನ ಹಲವು ದೇಶಗಳಲ್ಲಿ ಅಮೆರಿಕದ್ದು ಬರೀ ‘ಬಡ್’ ಆಯಿತು. ನಿಮ್ಮ ಬ್ರಿಟನ್ನಿನಲ್ಲಿ ಮಾತ್ರ ಇಬ್ಬರೂ ಆ ಹೆಸರು ಇಟ್ಟುಕೊಳ್ಳಬಹುದು ಎಂದು ತೀರ್ಪಾಗಿದೆ.

ಪ್ರಶ್ನೆ: ಹನ್ನೆರಡು ವರ್ಷದಿಂದ ಜೀರಾ ಸೋಡಾ ಮಾಡುತ್ತಿದ್ದೇವೆ. ಹೆಸರು ರಿಜಿಸ್ಟರ್ ಮಾಡಿಸಿರಲಿಲ್ಲ. ನಮ್ಮ ಡಿಸ್ಟ್ರಿಬ್ಯೂಟರ್ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಮೂರು ವರ್ಷದಿಂದ ತಾನೇ ಸೋಡಾ ಮಾಡಿಸಿ ಮಾರುತ್ತಿದ್ದಾನೆ. ಸುಮ್ನೆ ಜಗಳ ಬೇಡ ಅಂತ ಬಿಟ್ಟಿದ್ದೆವು. ಈಗ ನಮಗೇ ನೋಟಿಸ್ ಕಳಿಸಿದ್ದಾನೆ.
– ಸೋಡಾ ಫ್ಯಾಕ್ಟರಿ ಮಾಲೀಕರು, ತುಮಕೂರು ಜಿಲ್ಲೆ

ಉತ್ತರ: ಹೆದರಬೇಡಿ, ಆದರೆ ಇನ್ನು ಸುಮ್ಮನಿರಬೇಡಿ. ನಿಮ್ಮ ಸರಕು ತೆಗೆದುಕೊಂಡು ಮಾರಿದ ಮಾತ್ರಕ್ಕೆ ಹೆಸರು ಅವರದಾಗುವುದಿಲ್ಲ. ಅವರಿಗಿಂತ ಮೊದಲಿನಿಂದ, ನಡುವೆ ನಿಲ್ಲಿಸದೆ ಬಳಸುತ್ತಾ ಬಂದವರನ್ನು ರಿಜಿಸ್ಟರ್ ಮಾಡಿಸಿದವರೂ ತಡೆಯುವಂತಿಲ್ಲ. ಇದು 34ನೇ ಕಲಮು. ಅವರ ನೋಂದಣಿ ರದ್ದು ಮಾಡಿ ಎಂದೂ ನೀವು ಕೇಳಬಹುದು. ಕರ್ನಾಟಕದವರಿಗೆ ಟ್ರೇಡ್‌ಮಾರ್ಕ್ ಕಚೇರಿ ಇರುವುದು ಚೆನ್ನೈನಲ್ಲಿ. ಅಲ್ಲಿ ಅಥವಾ ಹೈಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ನನಗೆ ಭಯ ಇರುವುದು ನಿಮ್ಮ ‘ಬಿಟ್ಟಿದ್ದೆವು’ ಎಂಬ ಮಾತಿನ ಬಗ್ಗೆ. ಬೆಂಗಳೂರಿನ ಖೋಡೆ ಕಂಪನಿ 1968ರಿಂದ ‘ಪೀಟರ್ ಸ್ಕಾಟ್’ ವಿಸ್ಕಿ ಮಾಡುತ್ತಿತ್ತು. ‘ಸ್ಕಾಟ್’ ಅಂದರೆ ಜನ ಸ್ಕಾಚ್ ಅಂದುಕೊಳ್ಳುತ್ತಾರೆ ಎಂದು ಸ್ಕಾಚ್ ವಿಸ್ಕಿ ಸಂಘ ತಕರಾರು ತೆಗೆಯಿತು. ಚೆನ್ನೈ ಕಚೇರಿಯಲ್ಲೂ ಮದ್ರಾಸ್ ಹೈಕೋರ್ಟಿನಲ್ಲೂ ಸಂಘವೇ ಗೆದ್ದಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 1974ರಲ್ಲೇ ಗೊತ್ತಿದ್ದೂ ಸಂಘ ಅರ್ಜಿ ಹಾಕಿದ್ದು 1986ರಲ್ಲಿ. ಆ ತಡ ಅವರಿಗೆ ಮುಳುವಾಯಿತು. (ಸ್ಕಾಚ್ ಕೊಳ್ಳುವವರು ತಿಳಿದವರು, ಸುಲಭಕ್ಕೆ ಮೋಸ ಹೋಗುವವರಲ್ಲ ಎಂದೂ ಕೋರ್ಟ್ ಹೇಳಿತು. ಜೀರಾ ಸೋಡಾ ಕುಡಿಯುವವರಿಗೆ ಆ ಮಾತು ಅನ್ವಯಿಸದು. ಬಿಸಿಲಲ್ಲಿ ಬಸ್ ಇಳಿದವರು ಲೇಬಲ್ ಓದುತ್ತಾ ನಿಲ್ಲುವುದಿಲ್ಲ.)

ಈಗಿನ ಕಾಯ್ದೆಯಲ್ಲಿ ಗೊತ್ತಿದ್ದೂ ಸತತ 5 ವರ್ಷ ಸುಮ್ಮನಿದ್ದರೆ ರದ್ದು ಕೇಳುವ ಹಕ್ಕೇ ಸಾಮಾನ್ಯವಾಗಿ ಹೋಗುತ್ತದೆ. ಎದುರಿನವರು ದುರುದ್ದೇಶದಿಂದ ನೋಂದಾಯಿಸಿದ್ದರೆ ಅದು ಬೇರೆ ಮಾತು, ಆದರೆ ಅದನ್ನು ನೀವೇ ಸಾಬೀತು ಮಾಡಬೇಕು. ನಿಮಗೆ ಮೂರು ವರ್ಷ ಆಗಿದೆ.

ನೋಟಿಸಿಗೆ ಲಾಯರ್ ಮೂಲಕ ಕೂಡಲೇ ಉತ್ತರ ಕೊಡಿಸಿ. ನಿಮ್ಮದೂ ಒಂದು ಅರ್ಜಿ 32ನೇ ವರ್ಗದಲ್ಲಿ ಹಾಕಿ, ತಂಪು ಪಾನೀಯಗಳು ಬರುವುದು ಅದರಲ್ಲೇ. ಸಣ್ಣ ಉದ್ದಿಮೆಯವರಿಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ. ಅದಕ್ಕಿಂತ ಮುಖ್ಯ, ಅಟ್ಟದ ಮೇಲಿರುವ ಹಳೇ ಬಿಲ್ ಪುಸ್ತಕ ಇಳಿಸಿ. ಮೊದಲ ವರ್ಷದ ಲೇಬಲ್ ಅಚ್ಚು ಹಾಕಿದ ಪ್ರೆಸ್ಸಿನವರ ಹತ್ತಿರ ಹಳೇ ಇನ್‌ವಾಯ್ಸ್ ಉಳಿದಿದೆಯಾ ಅಂತ ಇವತ್ತೇ ವಿಚಾರಿಸಿ.